ನಲವತ್ತೊಂದರ ಕೊಕ್ಕೆ

ಮಾರ್ಚ್ 3, ಸೋಮವಾರ

ಈ ಪುಸ್ತಕ ನನ್ನ ಗಂಡನ ಹೊಲಿಗೆ ಅಂಗಡಿಯದು. ಪ್ರತಿ ಪುಟದ ಮೇಲೆ ಎದೆ, ಸೊಂಟ, ತೋಳು, ಉದ್ದ ಎಂದು ಅಚ್ಚು ಹಾಕಿದೆ. ನನ್ನ ಅಳತೆ ತೆಗೆಯಲು ಈಗ ಬೇರೆಯವರು ಟೇಪು ಹಿಡಿದು ಕೂತಿದ್ದಾರೆ. ಆದ್ದರಿಂದ ಇದೇ ಸರಿಯಾದ ಪುಸ್ತಕ. ಠಾಣೆಯಲ್ಲಿ ಬಾಯಿ ಬಿಟ್ಟರೆ ಹೇಳಿಕೆ ಎಂದು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಬಾಯಿ ಬಿಟ್ಟರೆ ಇವರು ಸಮಾಧಾನ ಹೇಳುತ್ತಾರೆ. ನನಗೆ ಎರಡೂ ಬೇಡ.

ಬೆಳಿಗ್ಗೆ ನೋಟಿಸು ಬಂತು. "ನಿಮ್ಮ ತಪಾಸಣೆಯ ನಂತರ ವಿತರಿಸಿದ 41ನೇ ಸಂಖ್ಯೆಯ ಪಿಸ್ತೂಲು ಕರ್ತವ್ಯದ ವೇಳೆ ವಿಫಲವಾಗಿದ್ದು, ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು" ಇತ್ಯಾದಿ. ಹತ್ತೊಂಬತ್ತು ವರ್ಷದಿಂದ ಈ ಠಾಣೆಯ ಶಸ್ತ್ರಾಗಾರದಲ್ಲಿ ಕೂತಿದ್ದೇನೆ. ಎಲ್ಲರೂ ನನ್ನನ್ನು ಎಣ್ಣೆಯಮ್ಮ ಎನ್ನುತ್ತಾರೆ, ನನ್ನ ಬೆರಳಿಗೆ ಹತ್ತಿದ ಬಂದೂಕಿನ ಎಣ್ಣೆ ಸೋಪಿಗೂ ಹೋಗುವುದಿಲ್ಲ. ನನ್ನ ಮೇಜಿನಿಂದ ಹೋದ ಒಂದು ಪಿಸ್ತೂಲೂ ಇವತ್ತಿನವರೆಗೆ ಕೈಕೊಟ್ಟಿಲ್ಲ.

ನಡೆದದ್ದು ಇಷ್ಟು. ಶುಕ್ರವಾರ ಕೋರ್ಟಿನ ಗೇಟಿನಲ್ಲಿ ಒಬ್ಬ ಮಚ್ಚು ಹಿಡಿದು ಸಾಕ್ಷಿ ಹೇಳಲು ಬಂದಿದ್ದ ಮುದುಕನ ಮೇಲೆ ನುಗ್ಗಿದ. ಕಾವಲಿಗಿದ್ದವಳು ನಮ್ಮ ಹೊಸ ಪೇದೆ, ಕಡ್ಡಿ. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾಳೆ, ಅದಕ್ಕೇ ಆ ಹೆಸರು. ಒಂದು ಗುಂಡು ಹಾರಿಸಿದಳು, ಅದು ನೆಲಕ್ಕೆ ಬಿತ್ತು. ಎರಡನೆಯದು ಹಾರಲಿಲ್ಲ. ಅಷ್ಟರಲ್ಲಿ ಮಚ್ಚು ಅವಳ ಎಡಗೈಗೆ ಬಿತ್ತು. ಆಗ ಅವಳು ಪಿಸ್ತೂಲನ್ನೇ ಅವನ ಮುಖಕ್ಕೆ ಎಸೆದಳಂತೆ. ಅವನ ಮೂಗು ಮುರಿಯಿತು, ಮುದುಕ ಬದುಕಿದ.

ಎಸೆಯುವುದಕ್ಕೆ ಅದೇನು ಚಪ್ಪಲಿಯೇ? ಗುರಿ ಹಿಡಿಯಲು ನಳಿಕೆಯ ತುದಿಯಲ್ಲಿರುವ ಗುರಿಮುಳ್ಳು ಬಾಗಿಹೋಗಿದೆಯಂತೆ. ಹಿಡಿಯಲು ಬಾರದವರ ಕೈಗೆ ಕೊಟ್ಟರೆ ಹೀಗೇ ಆಗುವುದು. ಕುಣಿಯಲಾರದವಳು ನೆಲ ಡೊಂಕು ಎಂದಳು, ಈಗ ಆ ನೆಲ ನಾನು.

ಮಾರ್ಚ್ 4, ಮಂಗಳವಾರ

ನಲವತ್ತೊಂದು ನನ್ನ ಮೇಜಿಗೆ ಬಂತು, ಮೊಹರು ಮಾಡಿದ ಚೀಲದಲ್ಲಿ. ಗುರಿಮುಳ್ಳು ನಿಜಕ್ಕೂ ಎಡಕ್ಕೆ ವಾಲಿದೆ, ಅದರ ಬುಡದಲ್ಲಿ ಒಣಗಿದ ರಕ್ತ. ಅವನದೋ ಅವಳದೋ ಗೊತ್ತಿಲ್ಲ. ನನಗೆ ಹೊಟ್ಟೆ ಉರಿಯಿತು. ಹೋದ ವರ್ಷವಷ್ಟೇ ಅದನ್ನು ಕೂರಿಸಿದ್ದೆ.

ಸಾಹೇಬರು ಒಳಗೆ ಕರೆದರು. ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದರೆಂದರೆ ಏನೋ ಬೇಕಾಗಿದೆ ಎಂದೇ ಅರ್ಥ.

"ನೋಡಿಯಮ್ಮಾ, ಹದಿನೇಳನೇ ತಾರೀಕು ವಿಚಾರಣೆ. ತಾಂತ್ರಿಕ ವರದಿ ನೀವೇ ಕೊಡಬೇಕು. ಆ ಹುಡುಗಿಗೆ ಮಣಿಕಟ್ಟಲ್ಲಿ ಬಲ ಇಲ್ಲ. ಕೈ ಸಡಿಲ ಬಿಟ್ರೆ ಪಿಸ್ತೂಲು ಸಿಕ್ಕಾಕೊಳ್ಳುತ್ತೆ ಅಂತ ನೀವೇ ತರಬೇತಿಲಿ ಹೇಳ್ತೀರಲ್ಲ?"

"ಹೇಳ್ತೀನಿ ಸರ್."

"ಅದನ್ನೇ ಬರೀರಿ. ನಿಮ್ಮ ನೋಟಿಸು ನಾನು ವಾಪಸ್ ತಗೋತೀನಿ. ಅವಳದು ಹೇಗೂ ಇನ್ನೂ ಖಾಯಂ ಆಗದ ನೌಕರಿ."

ಅವಳು ಮನೆಗೆ ಹೋಗುತ್ತಾಳೆ, ನಾನು ಮೇಜಿಗೆ ಮರಳುತ್ತೇನೆ. ಮಾತು ಸುಳ್ಳೂ ಅಲ್ಲ. ನನಗೂ ಹಾಗೇ ಅನ್ನಿಸಿದೆ. ಆದರೆ ಬರೆದು ಇಟ್ಟುಕೊಂಡ ತೀರ್ಪಿಗೆ ರುಜು ಹಾಕು ಎಂದರೆ ನನ್ನ ಮೈಯೆಲ್ಲ ಉರಿಯುತ್ತದೆ. ಬಿಚ್ಚಿ ನೋಡದೆ ನಾನು ಸೈಕಲ್ ಪಂಪಿಗೂ ರುಜು ಹಾಕುವವಳಲ್ಲ. "ನೋಡಿ ಹೇಳ್ತೀನಿ ಸರ್" ಎಂದು ಎದ್ದು ಬಂದೆ.

ಮಾರ್ಚ್ 6, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಯೋಗಕ್ಷೇಮ ವಿಚಾರಿಸಲು ಅಲ್ಲ, ಪ್ರಶ್ನೆ ಕೇಳಲು. ಬರಿಗೈಯಲ್ಲಿ ಹೋಗಬಾರದೆಂದು ಇವರು ಎರಡು ಕಿತ್ತಳೆ ಹಣ್ಣು ಚೀಲಕ್ಕೆ ತುರುಕಿದ್ದರು.

ಕಡ್ಡಿ ಮಂಚದಲ್ಲಿ ಎದ್ದು ಕೂತಳು. ಎಡಗೈ ಮೊಣಕೈವರೆಗೆ ಬಿಳಿ ಪಟ್ಟಿ. ನನ್ನನ್ನು ನೋಡಿದ ಕೂಡಲೇ, "ಎಸೆದದ್ದು ತಪ್ಪಾಯ್ತು ಮೇಡಂ. ಕೈಗೆ ಸಿಕ್ಕಿದ್ದು ಅದೊಂದೇ" ಎಂದಳು.

"ಅದು ಆಮೇಲೆ. ಎರಡನೇ ಸಲ ಒತ್ತಿದಾಗ ಏನಾಯ್ತು?"

"ಏನೂ ಆಗ್ಲಿಲ್ಲ. ಬಗ್ಗಿ ನೋಡಿದೆ. ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ. ಅರ್ಧ ತೆರೆದಿತ್ತು."

"ಖಾಲಿ ತೋಟಾ ಬಾಗಿಲಲ್ಲಿ ಅಡ್ಡ ಸಿಕ್ಕಿತ್ತಾ? ಹೊರಗೆ ಇಣುಕ್ತಾ ಇತ್ತಾ?"

"ಇಲ್ಲ ಮೇಡಂ. ಖಾಲಿ ಒಳಗೇ ಇತ್ತು, ಕದಲೇ ಇಲ್ಲ. ಅದರ ಬೆನ್ನಿಗೆ ಇನ್ನೊಂದು ಹೊಸ ಗುಂಡು ಮೂಗು ಒತ್ತಿಕೊಂಡು ನಿಂತಿತ್ತು."

ನಾನು ಮತ್ತೆ ಕೇಳಿದೆ. ಅವಳು ಮತ್ತೆ ಅದನ್ನೇ ಹೇಳಿದಳು. ಮೂರನೆಯ ಸಲ ಕೇಳಿದಾಗ, "ನಂಬಿಕೆ ಇಲ್ಲದಿದ್ರೆ ಕೇಳೋದ್ಯಾಕೆ?" ಎಂದಳು. ಸೊಕ್ಕು ಇದೆ. ಕಿತ್ತಳೆ ಕೊಟ್ಟು ಬಂದೆ.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಗುಂಡು ಹಾರಿದಾಗ ಪಿಸ್ತೂಲಿನ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಓಡುತ್ತದೆ. ಓಡುವಾಗ ಒಂದು ಸಣ್ಣ ಕೊಕ್ಕೆ ಖಾಲಿ ತೋಟಾದ ಅಂಚು ಹಿಡಿದು ಎಳೆದುಕೊಂಡು ಬಂದು ಹೊರಗೆ ಚಿಮ್ಮಿಸುತ್ತದೆ. ಮುಂದಕ್ಕೆ ಮರಳುವಾಗ ಸ್ಲೈಡ್ ಕೆಳಗಿನ ಮ್ಯಾಗಜಿನ್‌ನಿಂದ ಹೊಸ ಗುಂಡನ್ನು ತಳ್ಳಿಕೊಂಡು ಹೋಗುತ್ತದೆ. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ, ಹೊಸ ಗುಂಡು ಎತ್ತಿಕೊಳ್ಳುವುದೂ ಇಲ್ಲ. ಇಲ್ಲಿ ಹೊಸ ಗುಂಡು ಬಂದಿದೆ. ಅಂದರೆ ಸ್ಲೈಡ್ ಪೂರ್ತಿ ಹಿಂದೆ ಹೋಗಿದೆ. ಅವಳ ಕೈ ಗಟ್ಟಿಯಾಗಿಯೇ ಇತ್ತು. ಖಾಲಿಯನ್ನು ಎಳೆಯದೆ ಬಿಟ್ಟದ್ದು ಪಿಸ್ತೂಲು.

ಇಳಿಯುವ ನಿಲ್ದಾಣ ದಾಟಿಹೋಯಿತು. ಎರಡು ನಿಲ್ದಾಣ ನಡೆದು ಬಂದೆ.

ಮಾರ್ಚ್ 7, ಶುಕ್ರವಾರ

ಇಡೀ ದಿನ ಮೇಜು ಬಿಟ್ಟು ಏಳಲಿಲ್ಲ. ಒಂದೊಂದೇ ಅನುಮಾನ ತೆಗೆದು ಪಕ್ಕಕ್ಕಿಟ್ಟೆ.

ಗುಂಡು ಕೂರುವ ಚೇಂಬರಿನಲ್ಲಿ ಸಣ್ಣ ಮಣ್ಣಿನ ಹರಳುಗಳಿದ್ದವು. ಕೋರ್ಟಿನ ಮುಂದೆ ರಸ್ತೆ ಅಗೆಯುತ್ತಿದ್ದಾರೆ, ಅದರ ದೂಳು. ಒರೆಸಿದ ಮೇಲೆ ಗೋಡೆ ನುಣುಪಾಗಿದೆ, ಗೀರಿಲ್ಲ, ತುಕ್ಕಿಲ್ಲ. ತೋಟಾ ಹಾಕಿ ಬೋರಲು ಮಾಡಿದರೆ ತನ್ನ ಭಾರಕ್ಕೇ ಜಾರಿ ಬೀಳುತ್ತದೆ. ಅಷ್ಟು ದೂಳಿಗೆ ಒಳ್ಳೆಯ ಪಿಸ್ತೂಲು ಹೆದರಬಾರದು. ಅದೇ ಪೆಟ್ಟಿಗೆಯ ಐವತ್ತು ಗುಂಡು ಬೇರೆ ಪಿಸ್ತೂಲಿನಲ್ಲಿ ಹಾರಿಸಿದೆ, ಐವತ್ತೂ ಹೊರಗೆ ಬಂದವು. ಗುಂಡಿನ ದೋಷವಲ್ಲ. ಸ್ಲೈಡ್ ಮರಳಿಸುವ ದೊಡ್ಡ ಸ್ಪ್ರಿಂಗೂ ಸರಿಯಾಗಿದೆ.

ಸಾಹೇಬರು ಎರಡು ಸಲ ಬಾಗಿಲಲ್ಲಿ ಕೆಮ್ಮಿದರು. "ಏನಮ್ಮಾ, ಅದನ್ನ ಮದುವೆ ಮಾಡಿಕೊಡೋ ಹಾಗೆ ಕೂತಿದೀರಲ್ಲ?"

"ಗಂಡಿನ ಕಡೆಯವರು ಅವಸರ ಮಾಡ್ತಿದಾರೆ ಸರ್, ಅದಕ್ಕೇ ನಿಧಾನ."

ಅವರಿಗೆ ನಗು ಬರಲಿಲ್ಲ.

ಮಾರ್ಚ್ 8, ಶನಿವಾರ

ಸಿಕ್ಕಿತು!

ಸ್ಲೈಡ್ ಬಿಡಿಸಿ, ಕೊಕ್ಕೆಯ ಕೆಳಗೆ ಒಂದು ಡಮ್ಮಿ ತೋಟಾದ ಅಂಚು ಸಿಕ್ಕಿಸಿ ಮೆಲ್ಲಗೆ ಅಲುಗಾಡಿಸಿದೆ. ಒಳ್ಳೆಯ ಕೊಕ್ಕೆ ಹಟಮಾರಿ ಕೂಸಿನ ಹಾಗೆ ಹಿಡಿದುಕೊಂಡಿರಬೇಕು. ನಲವತ್ತೊಂದರದ್ದು ಮೊದಲ ಅಲುಗಾಟಕ್ಕೇ ಬಿಟ್ಟುಬಿಟ್ಟಿತು. ಭೂತಗನ್ನಡಿ ಇಟ್ಟು ನೋಡಿದೆ. ಹಿಡಿಯುವ ತುದಿಯ ಅಂಚು ಉರುಟಾಗಿದೆ, ಒಂದು ಮೂಲೆಯಲ್ಲಿ ಚೂರು ಎದ್ದುಹೋಗಿದೆ. ಕೊಕ್ಕೆಗೆ ಇರಬೇಕಾದ ಬಿಗಿಯೂ ಇಲ್ಲ.

ಮೊಹರು ಚೀಲದಲ್ಲಿದ್ದ ಆ ಖಾಲಿ ತೋಟಾವನ್ನೂ ನೋಡಿದೆ. ಅಂಚಿನಲ್ಲಿ ಎಳೆದ ಗುರುತೇ ಇಲ್ಲ, ಒಂದು ಜಾರಿದ ಗೆರೆ ಮಾತ್ರ. ಕೊಕ್ಕೆ ಹಿಡಿಯಲು ಹೋಗಿ ಜಾರಿದೆ.

ಹೊಸ ಕೊಕ್ಕೆ ಹಾಕಿ ನೂರು ಗುಂಡು ಹಾರಿಸಿದೆ. ನೂರೂ ಚಿಮ್ಮಿದವು. ಹಳೆಯದನ್ನು ಹಾಕಿದೆ. ಚೇಂಬರು ಶುಚಿಯಿದ್ದಾಗ ಹೇಗೋ ನಡೆಯಿತು, ಗುಂಡಿನ ಒತ್ತಡವೇ ಖಾಲಿಯನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಚಿಟಿಕೆ ದೂಳು ಹಾಕಿದೆ, ಮೂರನೆಯದಕ್ಕೇ ಸಿಕ್ಕಿಕೊಂಡಿತು. ಅವಳು ಹೇಳಿದ ಹಾಗೇ, ಖಾಲಿ ಒಳಗೆ, ಹೊಸದು ಅದರ ಬೆನ್ನಿಗೆ. ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ ನಾನು ಒಂದು ಪಿಸ್ತೂಲಿಗೆ ಒಂದೇ ಗುಂಡು ಹಾರಿಸುತ್ತೇನೆ, ಅದೂ ಒರೆಸಿ ಎಣ್ಣೆ ಹಚ್ಚಿದ ಮೇಲೆ. ಹಾಗಾಗಿ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ನಿಯಮ ಇರುವುದೇ ಒಂದು ಗುಂಡು ಎಂದು, ನಾನೇನು ಮಾಡಲಿ?

ಕಡ್ಡಿಗೆ ಫೋನು ಮಾಡಿ ಹೇಳೋಣ ಎನ್ನಿಸಿತು. ಮಾಡಲಿಲ್ಲ. ಆಮೇಲೆ ಮಾಡಿದೆ. "ನಿನ್ನ ಕೈ ಗಟ್ಟಿ ಇತ್ತು" ಎಂದೆ, ಅಷ್ಟೇ. ಆ ಕಡೆಯಿಂದ ಮೂಗೆಳೆಯುವ ಸದ್ದು ಕೇಳಿತು, ಫೋನು ಇಟ್ಟುಬಿಟ್ಟೆ.

ಮಾರ್ಚ್ 10, ಸೋಮವಾರ

ಒಂದು ಪ್ರಶ್ನೆ ಉಳಿದಿತ್ತು. ನನ್ನ ಪರೀಕ್ಷೆಯ ಗುಂಡು ಬಿಟ್ಟರೆ, ನಲವತ್ತೊಂದು ಹುಟ್ಟಿದ ಮೇಲೆ ಹಾರಿಸಿರುವುದು ನೂರೈವತ್ತು ಗುಂಡೂ ಇಲ್ಲ. ಅಷ್ಟಕ್ಕೇ ಕೊಕ್ಕೆ ಹೇಗೆ ಸವೆಯಿತು?

ಠಾಣೆಯ ಇಪ್ಪತ್ತಮೂರು ಕರ್ತವ್ಯದ ಪಿಸ್ತೂಲುಗಳನ್ನೂ ಬಿಚ್ಚಿದೆ. ನಲವತ್ತೊಂದೂ ಸೇರಿ ಹದಿನೇಳು ಪಿಸ್ತೂಲುಗಳ ಕೊಕ್ಕೆ ಹಾಳು. ಕೆಲವು ನಲವತ್ತೊಂದಕ್ಕಿಂತ ಕಡೆ. ಸರಿಯಿರುವ ಆರು ಹೋದ ವರ್ಷ ಬಂದ ಹೊಸವು. ವಿಚಿತ್ರ ಏನೆಂದರೆ, ಅಭ್ಯಾಸದ ಮೈದಾನದಲ್ಲಿ ದಿನವೂ ಹಾರಿಸುವ ಎಂಟು ಹಳೆಯ ಪಿಸ್ತೂಲುಗಳ ಕೊಕ್ಕೆಗೆ ಏನೂ ಆಗಿಲ್ಲ. ದುಡಿದ ಎತ್ತು ಗಟ್ಟಿಮುಟ್ಟಾಗಿದೆ, ಕಟ್ಟಿಹಾಕಿದ್ದು ಕುಂಟುತ್ತಿದೆ.

ಹದಿನೇಳನ್ನೂ ಕಪಾಟಿಗೆ ಹಾಕಿ ಬೀಗ ಜಡಿಸಿದೆ. ಬೀಗದ ಕೈ ಇರುವುದು ನನ್ನ ಜೊತೆಗಾರ ಬೀಗದಣ್ಣನ ಹತ್ತಿರ. ಹೆಸರು ಕೇಳಿದರೆ ಸಾಕು, ಕೆಲಸ ಹೇಳಬೇಕಿಲ್ಲ. ಸಾಹೇಬರು ಓಡಿ ಬಂದರು.

"ಇಡೀ ಠಾಣೆ ಬರಿಗೈಲಿ ನಿಲ್ಲಬೇಕಾ? ಯಾರ ಅಪ್ಪಣೆ ಮೇಲೆ ಮುಚ್ಚಿದ್ರಿ?"

"ಅಭ್ಯಾಸದ ಎಂಟು, ಹೊಸ ಆರು ಇವೆ ಸರ್. ಅವನ್ನೇ ಹಂಚ್ತೀನಿ. ಇವನ್ನ ಯಾರ ಸೊಂಟಕ್ಕೂ ಕಟ್ಟಲ್ಲ."

"ಆದೇಶ ಇದು."

"ಬರೆದು ಕೊಡಿ ಸರ್. ಕೊಕ್ಕೆ ಹಾಳಾಗಿದೆ ಅಂತ ಗೊತ್ತಿದ್ದೂ ಕೊಡಿಸಿದೆ ಅಂತ ಒಂದು ಸಾಲು, ಕೆಳಗೆ ರುಜು."

ಅವರು ನನ್ನನ್ನು ನೋಡಿದರು, ಬೀಗದಣ್ಣನನ್ನು ನೋಡಿದರು. ಬೀಗದಣ್ಣ ಚಾವಣಿ ನೋಡುತ್ತಿದ್ದ. ಸಾಹೇಬರು ಬರೆದು ಕೊಡಲಿಲ್ಲ. ನನಗೆ ಈಗ ಹಸಿವಾಗುತ್ತಿದೆ, ಮೂರು ದಿನದ ಮೇಲೆ.

ಮಾರ್ಚ್ 11, ಮಂಗಳವಾರ

ತಯಾರಿಸಿದ ಕಾರ್ಖಾನೆಯದೇ ತಪ್ಪು ಎಂದು ಅರ್ಧ ಕಾಗದ ಬರೆದೆ. ಬಯ್ಯಲು ಒಳ್ಳೊಳ್ಳೆಯ ಮಾತು ಸಿಕ್ಕಿದ್ದವು. ಆಮೇಲೆ ನೋಡಿದರೆ ಅಭ್ಯಾಸದ ಎಂಟೂ ಅದೇ ವರ್ಷದವು, ಅದೇ ಪೆಟ್ಟಿಗೆಯಲ್ಲಿ ಬಂದವು. ಕಾಗದ ಹರಿದೆ.

ಮಾರ್ಚ್ 13, ಗುರುವಾರ

ಮಧ್ಯಾಹ್ನ ಎರಡು ಗಂಟೆಯ ಪಾಳಿ ಬದಲಾವಣೆ. ಕಿಟಕಿಯ ಪಕ್ಕ ಸ್ಟೂಲು ಹಾಕಿ ಕೂತು ಬರೀ ನೋಡಿದೆ. ಪೇದೆಗಳು ಒಬ್ಬೊಬ್ಬರಾಗಿ ಬಂದರು. ಪಿಸ್ತೂಲು ತೆಗೆದುಕೊಂಡರು. ಸ್ಲೈಡ್ ಎಳೆದರು, ಒಂದು ಗುಂಡನ್ನು ಬೆರಳಿನಿಂದ ಚೇಂಬರಿಗೆ ಹಾಕಿದರು, ಸ್ಲೈಡ್ ಬಿಟ್ಟರು. ಟಕ್. ಆಮೇಲೆ ತುಂಬಿದ ಮ್ಯಾಗಜಿನ್ ಸಿಕ್ಕಿಸಿ ಹೊರಟರು. ಮುಂದಿನವರು. ಟಕ್.

ಪ್ರತಿ ದಿನ ಕೇಳುವ ಸದ್ದು. ಹತ್ತನೆಯ ಟಕ್ಕಿಗೆ ಸ್ಟೂಲಿನಿಂದ ಎದ್ದು ನಿಂತೆ.

ಅವರ ತಲೆಯ ಮೇಲೆ ಗೋಡೆಯಲ್ಲಿ ಹಲಗೆ ಇದೆ. ಹಸಿರು ಬಣ್ಣ, ಬಿಳಿ ಅಕ್ಷರ. ಮೊದಲು ಒಂದು ಗುಂಡನ್ನು ಕೈಯಿಂದ ಚೇಂಬರಿಗೆ ಹಾಕಿ, ನಂತರ ಮ್ಯಾಗಜಿನ್.

ಅಕ್ಷರ ನನ್ನದು.

ಮಾರ್ಚ್ 14, ಶುಕ್ರವಾರ

ನಿನ್ನೆ ಮುಂದೆ ಬರೆಯಲು ಆಗಲಿಲ್ಲ. ಇವತ್ತು ಬರೆಯುತ್ತೇನೆ, ಹಲ್ಲು ಕಚ್ಚಿಕೊಂಡು.

ಈ ಪಿಸ್ತೂಲಿನ ಕೊಕ್ಕೆ ಕೆಳಗಿನಿಂದ ಬರುವ ಗುಂಡಿಗೆಂದು ಮಾಡಿದ್ದು. ಮ್ಯಾಗಜಿನ್‌ನಿಂದ ಮೇಲೇರುವಾಗ ತೋಟಾದ ಅಂಚು ತಾನಾಗಿ ಕೊಕ್ಕೆಯ ಕೆಳಗೆ ಜಾರಿ ಕೂರುತ್ತದೆ. ಮೊದಲೇ ಚೇಂಬರಿನಲ್ಲಿ ಕೂತ ಗುಂಡಿನ ಮೇಲೆ ಸ್ಲೈಡ್ ಬಿಟ್ಟರೆ ಕೊಕ್ಕೆ ಅಂಚಿಗೆ ಡಿಕ್ಕಿ ಹೊಡೆದು, ಬಾಗಿ, ಹಾರಿ ಹಿಡಿಯಬೇಕು. ಒಂದು ಸಲಕ್ಕೆ ಏನೂ ಆಗುವುದಿಲ್ಲ. ದಿನಕ್ಕೆ ಮೂರು ಪಾಳಿ, ಈ ಪಿಸ್ತೂಲುಗಳು ಬಂದು ಒಂಬತ್ತು ವರ್ಷ. ಹತ್ತಿರ ಹತ್ತಿರ ಹತ್ತು ಸಾವಿರ ಡಿಕ್ಕಿ. ಅಭ್ಯಾಸದ ಪಿಸ್ತೂಲುಗಳಿಗೆ ಯಾವಾಗಲೂ ಮ್ಯಾಗಜಿನ್‌ನಿಂದಲೇ ತುಂಬುತ್ತಾರೆ, ಆದ್ದರಿಂದ ಅವು ಚೆನ್ನಾಗಿವೆ.

ಪಿಸ್ತೂಲಿನ ಜೊತೆ ಬಂದ ಪುಸ್ತಕ ಕಪಾಟಿನ ತಳದಲ್ಲಿತ್ತು. ಮೂವತ್ತನಾಲ್ಕನೆಯ ಪುಟ. ಕೈಯಿಂದ ಚೇಂಬರಿಗೆ ಗುಂಡು ಹಾಕಬಾರದು ಎಂದು ಸ್ಪಷ್ಟವಾಗಿದೆ. ಆ ಪುಟ ಪಕ್ಕದ ಪುಟಕ್ಕೆ ಅಂಟಿಕೊಂಡೇ ಇತ್ತು, ಯಾರೂ ಬಿಡಿಸಿರಲಿಲ್ಲ. ನಾನು ಓದುವವಳಲ್ಲ, ಕೈಯಲ್ಲೇ ಕಲಿತವಳು ಎಂದು ಊರೆಲ್ಲ ಜಂಬ ಕೊಚ್ಚಿಕೊಂಡಿದ್ದೇನೆ. ಪಾಳಿಯ ಸಾಲು ಬೇಗ ಕರಗಲಿ ಎಂದು ನಾನೇ ಕಂಡುಹಿಡಿದ ಉಪಾಯ ಅದು. ಮ್ಯಾಗಜಿನ್‌ನಿಂದ ಎಳೆದು, ಮತ್ತೆ ಅದನ್ನು ತೆಗೆದು ಒಂದು ಗುಂಡು ತುಂಬಿಸುವ ರಗಳೆ ತಪ್ಪುತ್ತದೆ. ಆಗಿನ ಸಾಹೇಬರು ಪ್ರಶಂಸಾ ಪತ್ರ ಕೊಟ್ಟರು. ಹನ್ನೊಂದು ಠಾಣೆಗಳು ನನ್ನ ಹಲಗೆಯನ್ನು ನಕಲು ಮಾಡಿಕೊಂಡವು. ಪತ್ರ ಇಲ್ಲೇ ಕನ್ನಡಿಯ ಪಕ್ಕ ಕಟ್ಟು ಹಾಕಿ ತೂಗುತ್ತಿದೆ, ಬರೆಯುತ್ತಾ ಅದನ್ನೇ ನೋಡುತ್ತಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ.

ಇವರಿಗೆ ಹೇಳಿದೆ. ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದರು.

"ಯಾರಿಗೆ ಗೊತ್ತು ಇದು?"

"ನನಗೆ. ಈಗ ನಿಮಗೆ."

"ಹಾಗಿದ್ರೆ ಸುಮ್ಮನೆ ಹದಿನೇಳಕ್ಕೂ ಹೊಸ ಕೊಕ್ಕೆ ಹಾಕು. ಹಲಗೆ ಇಳಿಸು. ಸವೆದಿತ್ತು ಅಂತ ಬರಿ. ಸುಳ್ಳೇನಲ್ಲವಲ್ಲ. ಹುಡುಗಿನೂ ಉಳೀತಾಳೆ, ನೀನೂ ಉಳೀತೀಯ."

"ಇನ್ನು ಹನ್ನೊಂದು ಗೋಡೆ ಮೇಲೆ ನನ್ನ ಹಲಗೆ ಇದೆಯಲ್ರೀ. ಅಲ್ಲೂ ಒಬ್ಬಳು ನಿಂತಿರ್ತಾಳೆ, ಯಾವುದೋ ಗೇಟಲ್ಲಿ."

ಅವರು ಕತ್ತರಿ ಎತ್ತಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಒಂದು ಕೊಕ್ಕೆ ಎಷ್ಟು ದೊಡ್ಡದಿರುತ್ತೆ?" ಎಂದು ಕೇಳಿದರು. ಕಿರುಬೆರಳಿನಷ್ಟು ಎಂದೆ. ಟೇಪು ತೆಗೆದುಕೊಂಡು ನನ್ನ ಕಿರುಬೆರಳು ಅಳೆದರು. ಯಾಕೆಂದು ಕೇಳಲು ನನಗೆ ತಾಳ್ಮೆ ಇರಲಿಲ್ಲ.

ಮಾರ್ಚ್ 15, ಶನಿವಾರ

ಹೋಗಿ ನೋಡಿದರೆ ಹಲಗೆ ಗೋಡೆಯಲ್ಲಿಲ್ಲ. ಎರಡು ಮೊಳೆ, ಒಂದು ಚೌಕದ ಗುರುತು. ಬೀಗದಣ್ಣ ಕಣ್ಣು ತಪ್ಪಿಸಿದ.

"ಎಲ್ಲಿಟ್ಟೆ?"

"ಯಾವುದು?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತಿದೀಯಲ್ಲ. ಹಲಗೆ ಎಲ್ಲಿ?"

"ಎಣ್ಣೆಯಮ್ಮಾ, ಎರಡು ದಿನದಿಂದ ನಿಮ್ಮ ಮುಖ ನೋಡ್ತಿದೀನಿ. ನೀವು ಆ ಹಲಗೆ ನೋಡೋದನ್ನೂ ನೋಡ್ತಿದೀನಿ. ನಾನು ದಡ್ಡ ಅಲ್ಲ. ಸೌದೆ ಒಲೆಗೆ ಹಾಕಿಬಿಡ್ತೀನಿ, ಬೂದಿಗೆ ಯಾರು ನೋಟಿಸು ಕೊಡ್ತಾರೆ?"

ಅವನ ಮೇಲೆ ಕೂಗಾಡಿದೆ. ಹದಿನಾಲ್ಕು ವರ್ಷದಲ್ಲಿ ಅವನ ಮೇಲೆ ಕೂಗಿದ್ದು ಇದೇ ಮೊದಲು. ಅವನು ಹೋಗಿ ಒರೆಸುವ ಬಟ್ಟೆಗಳ ರಾಶಿಯ ಕೆಳಗಿಂದ ಹಲಗೆ ತೆಗೆದು ತಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗಾಗಿಯೇ ಅಡಗಿಸಿದ್ದ, ಪಾಪ. ಇಬ್ಬರೂ ಒಂದೊಂದು ಲೋಟ ಚಹಾ ಕುಡಿದೆವು.

ಇವತ್ತಿನಿಂದ ಕಿಟಕಿಯಲ್ಲಿ ನಾನೇ ನಿಂತು ಎಲ್ಲರಿಗೂ ಮ್ಯಾಗಜಿನ್‌ನಿಂದಲೇ ತುಂಬಿಸುತ್ತಿದ್ದೇನೆ. ಸಾಲು ಉದ್ದವಾಗುತ್ತದೆ, ಗೊಣಗುತ್ತಾರೆ. ಗೊಣಗಲಿ.

ಮಾರ್ಚ್ 16, ಭಾನುವಾರ

ಇವರು ಕಪ್ಪು ಬಟ್ಟೆಯ ಒಂದು ಉದ್ದ ಪಟ್ಟಿ ಹೊಲಿದುಕೊಟ್ಟರು. ಹದಿನೇಳು ಪುಟ್ಟ ಜೇಬು, ಒಂದೊಂದರ ಮೇಲೂ ಬಿಳಿ ದಾರದಲ್ಲಿ ಪಿಸ್ತೂಲಿನ ಸಂಖ್ಯೆ. ಪ್ರತಿ ಕೊಕ್ಕೆ ತನ್ನ ಜೇಬಿನಲ್ಲಿ ಅಳತೆಗೆ ಸರಿಯಾಗಿ ಕೂತಿತು. "ಸುಮ್ಮನಿರು ಅಂದಿದ್ರಲ್ಲ?" ಎಂದೆ. "ನೀನು ಸುಮ್ಮನಿರೋಳಲ್ಲ ಅಂತ ಮೂವತ್ತು ವರ್ಷದಿಂದ ಗೊತ್ತು. ಹೋಗೋಳು ನೀಟಾಗಿ ಹೋಗು" ಎಂದರು.

ನನಗೆ ಅಳು ಬಂತು. ಬಂದದ್ದು ಬಂತು, ಬರೆದೇಬಿಡುತ್ತೇನೆ.

ವರದಿಯ ಕರಡನ್ನು ಆ ಪ್ರಶಂಸಾ ಪತ್ರದ ಹಿಂಬದಿಯಲ್ಲಿ ಬರೆದೆ. ಒಳ್ಳೆಯ ಕಾಗದ.

ಮಾರ್ಚ್ 17, ಸೋಮವಾರ

ವಿಚಾರಣೆಯ ಕೋಣೆಯಲ್ಲಿ ಮೂವರು ಅಧಿಕಾರಿಗಳು, ನಮ್ಮ ಸಾಹೇಬರು, ನಾನು. ಬಾಗಿಲ ಬಳಿಯ ಬೆಂಚಿನಲ್ಲಿ ಕಡ್ಡಿ, ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಳು. ಒಂದು ಕೈಯಲ್ಲಿ ಗುಂಡಿ ಹೇಗೆ ಹಾಕಿಕೊಂಡಳೋ, ಒಂದು ಮೇಲೆ ಕೆಳಗಾಗಿತ್ತು. ಒಳಗೆ ಕರೆಯುವ ಮುಂಚೆ ಅದನ್ನು ಸರಿಮಾಡಿದೆ.

ಕಪ್ಪು ಪಟ್ಟಿಯನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿದೆ. ಕೈ ಗಟ್ಟಿಯಾಗಿತ್ತು ಎಂಬುದನ್ನು ಮೊದಲು ಹೇಳಿದೆ, ಹೊಸ ಗುಂಡು ಬೆನ್ನಿಗೆ ಬಂದು ನಿಂತದ್ದೇ ಅದಕ್ಕೆ ಸಾಕ್ಷಿ ಎಂದೆ. ಡಮ್ಮಿ ತೋಟಾ ಸಿಕ್ಕಿಸಿ ಅಲುಗಾಡಿಸಿ ತೋರಿಸಿದೆ. ಹೊಸ ಕೊಕ್ಕೆ ಹಿಡಿಯಿತು, ನಲವತ್ತೊಂದರದ್ದು ಬಿಟ್ಟಿತು, ತೋಟಾ ಉರುಳಿಕೊಂಡು ದೊಡ್ಡ ಅಧಿಕಾರಿಯ ಚಹಾ ಲೋಟಕ್ಕೆ ಬಡಿಯಿತು. ಅವರೇ ಎತ್ತಿ ಮತ್ತೆ ಅಲುಗಾಡಿಸಿ ನೋಡಿದರು. ಮತ್ತೆ ಬಿತ್ತು.

"ಇದು ಹೀಗಾಗಲು ಕಾರಣ?"

ಚೀಲದಿಂದ ಹಲಗೆ ತೆಗೆದು ಇಟ್ಟೆ. ಅವರು ಗಟ್ಟಿಯಾಗಿ ಓದಿದರು.

"ಇದನ್ನ ಬರೆದವರು ಯಾರು?"

ನಮ್ಮ ಸಾಹೇಬರು ಕೆಮ್ಮಿದರು. "ಬಹಳ ಹಿಂದಿನದು ಸರ್. ಆಗಿನ ಪದ್ಧತಿ. ಯಾರು ಅಂತ ಹೇಳೋದು ಕಷ್ಟ" ಎಂದರು. ನನ್ನನ್ನು ಉಳಿಸಲೋ, ಠಾಣೆಯನ್ನೋ, ತಮ್ಮನ್ನೋ, ಅವರಿಗೇ ಗೊತ್ತು.

"ಕಷ್ಟ ಏನಿಲ್ಲ ಸರ್. ನಾನೇ ಬರೆದದ್ದು. ಪುಸ್ತಕದಲ್ಲಿ ಬೇಡ ಅಂತ ಇದೆ, ನಾನು ಓದಲಿಲ್ಲ. ವರ್ಷಕ್ಕೆ ಒಂದೇ ಗುಂಡು ಹಾರಿಸಿ ಸರಿಯಿದೆ ಅಂತ ರುಜು ಹಾಕಿದೆ. ನಿಯಮ ಅಷ್ಟೇ ಇತ್ತು, ಆದ್ರೆ ಅಲುಗಾಡಿಸಿ ನೋಡಬೇಡ ಅಂತ ನನ್ನ ಕೈ ಯಾರೂ ಹಿಡಿದಿರಲಿಲ್ಲ."

"ಇದರಿಂದ ನಿಮ್ಮ ಮೇಲೆ ಏನಾಗಬಹುದು, ಗೊತ್ತಿದೆಯಾ?"

"ಗೊತ್ತಿದೆ. ನನ್ನ ಲೆಕ್ಕ ಆಮೇಲೆ ಮಾಡಿ. ಮೊದಲು ಹನ್ನೊಂದು ಠಾಣೆಗೆ ಫೋನು ಮಾಡಿ ಈ ಹಲಗೆ ಇಳಿಸಿ ಅನ್ನಿ. ಮಧ್ಯಾಹ್ನದ ಪಾಳಿ ಎರಡು ಗಂಟೆಗಿದೆ. ಈಗ ಹನ್ನೆರಡೂವರೆ."

ಯಾರೂ ಕದಲಲಿಲ್ಲ. ನಾನೂ ಕದಲಲಿಲ್ಲ. "ನೀವು ಹೋಗಬಹುದು" ಎಂದರು ಒಬ್ಬರು. "ಫೋನು ಮಾಡೋದನ್ನ ನೋಡಿ ಹೋಗ್ತೀನಿ" ಎಂದೆ. ದೊಡ್ಡ ಅಧಿಕಾರಿ ಗಡಿಯಾರ ನೋಡಿ ಫೋನು ಎತ್ತಿದರು. ಹನ್ನೊಂದೂ ಮುಗಿಯುವವರೆಗೆ ನಿಂತೇ ಇದ್ದೆ, ಮನಸ್ಸಿನಲ್ಲೇ ಎಣಿಸುತ್ತಾ.

ಹೊರಗೆ ಕಡ್ಡಿ ಎದ್ದು ನಿಂತಿದ್ದಳು. ಬಾಗಿಲು ಅರ್ಧ ತೆರೆದಿತ್ತು, ಎಲ್ಲ ಕೇಳಿಸಿಕೊಂಡಿದ್ದಾಳೆ.

"ನನ್ನಿಂದಲೇ ನಿನ್ನ ಕೈ ಹೋಯ್ತು" ಎಂದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

"ಕೋಪ ಬರ್ತಿದೆ ನನಗೆ" ಎಂದಳು.

"ಬರಲಿ. ಬರಬೇಕು."

ಬಸ್ ನಿಲ್ದಾಣದವರೆಗೆ ಇಬ್ಬರೂ ಒಂದೇ ರಸ್ತೆಯಲ್ಲಿ ನಡೆದೆವು, ನಡುವೆ ಒಂದು ಮಾರು ಜಾಗ ಬಿಟ್ಟು.

ಮಾರ್ಚ್ 28, ಶುಕ್ರವಾರ

ಆದೇಶ ಬಂತು. ನಮ್ಮ ಹುಡುಗಿಯ ಮೇಲೆ ಯಾವ ತಪ್ಪೂ ಇಲ್ಲ, ನೌಕರಿ ಖಾಯಂ. ಇದನ್ನು ಮೊದಲು ಓದಿದೆ, ಎರಡು ಸಲ.

ನನಗೆ ಶಸ್ತ್ರಾಗಾರದಿಂದ ಒಂದು ವರ್ಷ ಹೊರಗೆ. ಕಳೆದುಹೋದ ವಸ್ತುಗಳ ಕೋಣೆಗೆ ಹಾಕಿದ್ದಾರೆ. ನಲವತ್ತು ಕೊಡೆ, ಒಂಟಿ ಚಪ್ಪಲಿಗಳು, ಒಂದು ಹಲ್ಲಿನ ಸೆಟ್ಟು. ಮೊದಲ ದಿನವೇ ಕೊಡೆಗಳನ್ನೆಲ್ಲ ಬಿಚ್ಚಿ ಹನ್ನೆರಡರ ಕಡ್ಡಿ ರಿಪೇರಿ ಮಾಡಿದೆ. ಯಾರೂ ಹೇಳಿರಲಿಲ್ಲ. ಬೇಡ ಎನ್ನಲೂ ಯಾರೂ ಬರಲಿಲ್ಲ.

ಏಪ್ರಿಲ್ 9, ಬುಧವಾರ

ಬೀಗದಣ್ಣ ಊಟದ ಹೊತ್ತಿಗೆ ಬಂದು ಸುದ್ದಿ ಹೇಳಿದ. ಹನ್ನೊಂದು ಠಾಣೆಗಳಿಂದ ನೂರಾ ನಾಲ್ಕು ಕೊಕ್ಕೆ ತೆಗೆದು ಎಸೆದಿದ್ದಾರೆ. ನೂರಾ ನಾಲ್ಕು. ಅವನು ಹೋದ ಮೇಲೂ ನಾನು ತುತ್ತು ಬಾಯಿಗಿಡದೆ ಕೂತಿದ್ದೆ.

ಸಂಜೆ ಅವಳು ಬಂದಳು. ಪಟ್ಟಿ ಬಿಚ್ಚಿದ್ದಾರೆ. ಮೊಣಕೈಯಿಂದ ಅಂಗೈವರೆಗೆ ಹೊಲಿಗೆಯ ಗುರುತು. ಮುಂದಿನ ವಾರ ಕೆಲಸಕ್ಕೆ ಸೇರುತ್ತಾಳೆ, ಸದ್ಯಕ್ಕೆ ಮೇಜಿನ ಕೆಲಸ.

"ಎರಡು ಬೆರಳು ಇನ್ನೂ ಮಡಚಲ್ಲ ಅಕ್ಕ. ಸಣ್ಣದೇನಾದ್ರೂ ಹಿಡಿದು ದಿನಾ ಒತ್ತಬೇಕು ಅಂದ್ರು ಡಾಕ್ಟ್ರು. ಇಲ್ಲಿ ಏನಾದ್ರೂ ಇದೆಯಾ, ಯಾರೂ ಕೇಳಿಕೊಂಡು ಬಾರದ್ದು?"

ಯಾವಾಗಿನಿಂದ ಅಕ್ಕನಾದೆನೋ. ಮೇಡಂ ಎಂದೇ ಕರೆಯುತ್ತಿದ್ದಳಲ್ಲ.

ನನ್ನ ಡಬ್ಬಿ ತೆರೆದೆ. ಶಸ್ತ್ರಾಗಾರ ಬಿಡುವ ದಿನ ನಲವತ್ತೊಂದಕ್ಕೆ ಹೊಸ ಗುರಿಮುಳ್ಳು ಕೂರಿಸಿ, ಬಾಗಿದ್ದನ್ನು ಗುಜರಿ ಪಟ್ಟಿಗೆ ಬರೆದು, ಆಮೇಲೆ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಅದನ್ನು ಅವಳ ಎಡ ಅಂಗೈಯಲ್ಲಿಟ್ಟೆ.

"ಏನಿದು?"

"ಅವನ ಮೂಗು ಮುರಿದದ್ದು."

ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಅಷ್ಟು ಚಿಕ್ಕ ಉಕ್ಕಿನ ಚೂರು.

"ಎಸೆದದ್ದಕ್ಕೆ ಬೈತೀರಿ ಅಂದ್ಕೊಂಡಿದ್ದೆ."

"ಬೈದಿದ್ದೆ. ನಿನಗೆ ಕೇಳಿಸಿಲ್ಲ ಅಷ್ಟೆ."

ಅವಳು ಬೆರಳು ಮಡಚಿದಳು. ಮೂರು ಬಂದವು, ಎರಡು ಅಲ್ಲೇ ನಿಂತವು. ಮತ್ತೆ ಮಡಚಿದಳು. ಮುಖ ಕೆಂಪಾಯಿತು. ಸಾಕು ಎನ್ನಬೇಕೆಂದುಕೊಂಡೆ, ಎನ್ನಲಿಲ್ಲ. ನಾಲ್ಕನೆಯ ಸಲಕ್ಕೆ ಐದೂ ಬೆರಳು ಅದರ ಮೇಲೆ ಮುಚ್ಚಿದವು.

"ಎಳೀರಿ ನೋಡೋಣ" ಎಂದಳು.

ಬೆರಳ ಸಂದಿಯಲ್ಲಿ ಇಣುಕುತ್ತಿದ್ದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿದೆ. ಆಮೇಲೆ ಜೋರಾಗಿ ಅಲುಗಾಡಿಸಿದೆ.

ಬಿಡಲಿಲ್ಲ.